ಕಾಸಾ ಸುಸಾನಾ ಫೋಟೊಗಳು: ಪೋಲರಾಯ್ಡ್ ಯಾವುದು, ಲ್ಯಾಬ್ ಪ್ರಿಂಟ್ ಯಾವುದು, ಹೆಸರು ಹಾಕುವುದು ಹೇಗೆ?

ತುಂಗಾತೀರ ಕೇಳಿದ್ದು:

ನಮ್ಮ ಓದುಗರ ಬಳಗದಲ್ಲಿ ಕಾಸಾ ಸುಸಾನಾ ಫೋಟೊಗಳ ಬಗ್ಗೆ ಕನ್ನಡದಲ್ಲಿ ಒಂದು ಸ್ಲೈಡ್ ಉಪನ್ಯಾಸ ಇಟ್ಟುಕೊಂಡಿದ್ದೇವೆ. ಗೊತ್ತಿಲ್ಲದವರಿಗೆ ಎರಡು ಸಾಲು: 1950ರ ದಶಕದ ಕೊನೆಯಿಂದ 1968ರವರೆಗೆ ಸುಸಾನಾ ವ್ಯಾಲೆಂಟಿ ಮತ್ತು ಅವರ ಪತ್ನಿ ಮರೀ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಒಂದಾದ ಮೇಲೊಂದರಂತೆ ಎರಡು ತಂಗುಮನೆ ನಡೆಸಿದರು, ಎರಡನೆಯದೇ ಕಾಸಾ ಸುಸಾನಾ. ಊರಲ್ಲಿ ಗಂಡಸರಾಗಿ ನೌಕರಿ, ಸಂಸಾರ ನಡೆಸುತ್ತಿದ್ದವರು ವಾರಾಂತ್ಯಕ್ಕೆ ಅಲ್ಲಿಗೆ ಬಂದು ಗುಟ್ಟಾಗಿ ಅಲ್ಲ, ಬಿಸಿಲಲ್ಲಿ, ಅಂಗಳದಲ್ಲಿ, ಹೆಣ್ಣಾಗಿ ಇರುತ್ತಿದ್ದರು. ಅಲ್ಲಿನ ಫೋಟೊಗಳ ದೊಡ್ಡ ಕಟ್ಟೊಂದು 2004ರ ಸುಮಾರಿಗೆ ಮ್ಯಾನ್‌ಹಟನ್ನಿನ ಹಳೇ ಸಾಮಾನಿನ ಸಂತೆಯಲ್ಲಿ ರಾಬರ್ಟ್ ಸ್ವೋಪ್ ಮತ್ತು ಮಿಷೆಲ್ ಹರ್ಸ್ಟ್ ಅವರಿಗೆ ಸಿಕ್ಕಿತು. 2005ರಲ್ಲಿ ಪುಸ್ತಕವಾಯಿತು. 2015ರಲ್ಲಿ ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ ಸುಮಾರು 340 ಪ್ರಿಂಟ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ನನ್ನ ಪ್ರಶ್ನೆಗಳು: ಇವುಗಳಲ್ಲಿ ಪೋಲರಾಯ್ಡ್ (ಲ್ಯಾಬಿಲ್ಲದೆ ಕೂಡಲೇ ಪ್ರಿಂಟ್ ಕೊಡುವ ಬಗೆ) ಯಾವುದು, ಲ್ಯಾಬಿನಲ್ಲಿ ತೊಳೆಸಿದ್ದು ಯಾವುದು ಎಂದು ಸಭಿಕರಿಗೆ ತೋರಿಸಿಕೊಡುವುದು ಹೇಗೆ? ಇಸವಿ ಹೇಗೆ ಗೊತ್ತುಮಾಡುತ್ತಾರೆ? ಎರಡನೆಯದಾಗಿ, ಉಪನ್ಯಾಸದ ಬೆನ್ನಿಗೇ ನಮ್ಮ ಕೈಗೆ ಒಂದು ಆಲ್ಬಮ್ ಬರಲಿದೆ. ಬೆಂಗಳೂರಿನ ಹಿಜ್ರಾ ಸಮುದಾಯದ ಹಿರಿಯರೊಬ್ಬರದು, 1985ರಿಂದ 95ರ ನಡುವಿನದು, ಅಂಟು ಹಾಳೆಯ ಆಲ್ಬಮ್. ಸ್ಕ್ಯಾನ್ ಮಾಡಿಕೊಡಿ ಎಂದು ಅವರೇ ಕೇಳಿದ್ದಾರೆ. ಕಾಸಾ ಸುಸಾನಾ ಸಂಗ್ರಹಕ್ಕೆ ಅನುಸರಿಸಿದ ಕ್ರಮ ಇದಕ್ಕೂ ಹೊಂದುತ್ತದೆಯೇ?

---

ಬೆಳ್ಳಿಲವಣ ಉತ್ತರ:

ಈ ಸಂಗ್ರಹದಲ್ಲಿ ಪ್ರಿಂಟ್ ಯಾವ ದಾರಿಯಲ್ಲಿ ಹುಟ್ಟಿತು ಅನ್ನುವುದೇ ಅರ್ಧ ಇತಿಹಾಸ. ಆ ಕಾಲದ ಅಮೆರಿಕದಲ್ಲಿ ರೋಲ್ ಮುಗಿದರೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೊಡುತ್ತಿದ್ದರು. ಲಕೋಟೆ ಮೇಲೆ ಹೆಸರು, ವಿಳಾಸ. ತೊಳೆಯುವವನು, ಪ್ರಿಂಟ್ ಹಾಕುವವನು, ಕೌಂಟರಿನವನು, ಮೂವರೂ ಪ್ರತಿ ಚಿತ್ರ ನೋಡುತ್ತಾರೆ. ನ್ಯೂಯಾರ್ಕಿನಲ್ಲಿ ವೇಷ ಮರೆಸಿಕೊಂಡು ಓಡಾಡುವುದರ ವಿರುದ್ಧ 1845ರ ಕಾನೂನೊಂದಿತ್ತು, ಪೊಲೀಸರು ಹೆಣ್ಣುಡುಗೆ ತೊಟ್ಟವರ ಮೇಲೆ ಅದನ್ನೇ ಬಳಸುತ್ತಿದ್ದರು. ಹಾಗಾಗಿ ಇವರ ಮುಂದೆ ಇದ್ದದ್ದು ಮೂರೇ ದಾರಿ: ಪೋಲರಾಯ್ಡ್, ಮನೆಯಲ್ಲೇ ಡಾರ್ಕ್‌ರೂಮ್ ಇರುವ ಗೆಳತಿ, ಇಲ್ಲವೇ ಧೈರ್ಯ ಮಾಡಿ ಲ್ಯಾಬ್. ಪ್ರತಿ ಪ್ರಿಂಟನ್ನೂ ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದದ್ದು ಇದನ್ನೇ.

ಆ ಕಾಲದ ಪೋಲರಾಯ್ಡ್ ಎಂದರೆ ಕೆಳಗೆ ದಪ್ಪ ಬಿಳಿ ಪಟ್ಟಿ ಇರುವ ಚೌಕ ಅಲ್ಲ. ಅದು 1972ರ ಎಸ್‌ಎಕ್ಸ್-70 ಕ್ಯಾಮೆರಾದ ನಂತರದ್ದು, ಅಂಥದು ಸಿಕ್ಕರೆ ಕಾಸಾ ಸುಸಾನಾ ಕಾಲದ್ದಲ್ಲ ಎಂದು ಕಣ್ಣುಮುಚ್ಚಿ ಬದಿಗಿಡಬಹುದು. 60ರ ದಶಕದ್ದು ಸಿಪ್ಪೆ ಸುಲಿಯುವ ಬಗೆ: ನೆಗೆಟಿವ್ ಹಾಳೆ, ಪ್ರಿಂಟ್ ಹಾಳೆ ಎರಡೂ ಅಂಟಿಕೊಂಡು ಹೊರಬರುತ್ತವೆ, ಹೇಳಿದಷ್ಟು ಸೆಕೆಂಡು ಕಾದು ಬಿಡಿಸಬೇಕು, ನೆಗೆಟಿವ್ ಎಸೆಯಬೇಕು. ದೊಡ್ಡ ಅಳತೆಯ ಹಾಳೆ ಸುಮಾರು 8.3 × 10.8 ಸೆಂ.ಮೀ., ಸುತ್ತ ಕಿರಿದಾದ ಬಿಳಿ ಅಂಚು, ಹೆಚ್ಚಿನವು ಬಾಗಿರುತ್ತವೆ. 30 ಪಟ್ಟು ಹಿಗ್ಗಿಸುವ ಲೂಪ್ ಇಟ್ಟು ನೋಡಿ. ಲ್ಯಾಬಿನ ಕಲರ್ ಪ್ರಿಂಟಿನಲ್ಲಿ ಬಣ್ಣದ ಮೋಡದಂಥ ಸಣ್ಣ ಚುಕ್ಕೆಗಳು ಕಾಣುತ್ತವೆ. ಪೋಲರಾಯ್ಡ್ ಕಲರಿನಲ್ಲಿ ಹಾಗೆ ಬಿಡಿಸಿ ಕಾಣುವುದಿಲ್ಲ, ಬಣ್ಣ ನಯವಾಗಿ ಹರಡಿರುತ್ತದೆ.

ಪೋಲರಾಯ್ಡಿನ ಕಲರ್ ಫಿಲ್ಮ್ ಮಾರುಕಟ್ಟೆಗೆ ಬಂದದ್ದು 1963ರಲ್ಲಿ. ಕಲರ್ ಪೋಲರಾಯ್ಡ್ ಆದರೆ 1963ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಕಪ್ಪುಬಿಳುಪು 1950ರಿಂದಲೇ ಇದೆ, 1948ರ ಮೊದಲ ಫಿಲ್ಮ್ ಕಂದು ಛಾಯೆಯದು.

ಕಪ್ಪುಬಿಳುಪು ಪೋಲರಾಯ್ಡಿನಲ್ಲಿ ಸಭಿಕರಿಗೆ ತೋರಿಸಲೇಬೇಕಾದ ಒಂದು ಗುರುತಿದೆ. ಬಿಡಿಸಿದ ಕೂಡಲೇ ಪ್ರಿಂಟಿನ ಮೇಲೆ ಒಂದು ಲೇಪ ಬಳಿಯಬೇಕಿತ್ತು, ಫಿಲ್ಮ್ ಜೊತೆಗೇ ಪುಟ್ಟ ಕೊಳವೆಯಲ್ಲಿ ದ್ರವದಲ್ಲಿ ಅದ್ದಿದ ಒತ್ತುಪಟ್ಟಿ ಬರುತ್ತಿತ್ತು. ಅದು ಉಳಿಕೆ ರಾಸಾಯನಿಕವನ್ನು ಒರೆಸಿ, ಚಿತ್ರವಾಗಿ ನಿಂತ ಬೆಳ್ಳಿಯ ಮೇಲೆ ತೆಳು ಪದರ ಹಾಕುತ್ತದೆ. ಅಂಚಿನಿಂದ ಅಂಚಿಗೆ ಆರೆಂಟು ಸಲ ಎಳೆಯಬೇಕು. ಅವಸರದಲ್ಲಿ ಎಲ್ಲಿ ಬಿಟ್ಟುಹೋಯಿತೋ ಅಲ್ಲಿ ವರ್ಷಗಳು ಕಳೆದಂತೆ ಹಳದಿ-ಕಂದು ಪಟ್ಟೆಯಾಗಿ ಚಿತ್ರ ಮಾಸುತ್ತದೆ. ಲೇಪ ಒಣಗಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಮುಟ್ಟಿದರೆ ಹೆಬ್ಬೆರಳಿನ ಗೆರೆ ಹಾಗೇ ಅಚ್ಚಾಗುತ್ತದೆ. ದೀಪವನ್ನು ಬದಿಯಿಂದ, ಮೇಜಿಗೆ ಸುಮಾರು 15 ಡಿಗ್ರಿ ಓರೆಯಾಗಿ ಹಿಡಿದರೆ ಪಟ್ಟೆ, ಬೆರಳಚ್ಚು ಎರಡೂ ಎದ್ದು ಕಾಣುತ್ತವೆ. ಇದನ್ನು ಕಲೆ ಎಂದು ಫೋಟೊಶಾಪಿನಲ್ಲಿ ಅಳಿಸಬೇಡಿ. ಆ ಪ್ರಿಂಟ್ ಯಾವ ಲ್ಯಾಬಿಗೂ ಹೋಗಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಲ್ಯಾಬ್ ಪ್ರಿಂಟ್ ಆಗಿದ್ದರೆ ಅಂಚಿನಲ್ಲೇ ತಿಂಗಳು-ವರ್ಷ ಅಚ್ಚಾಗಿರಬಹುದು. ಕೊಡಕ್‌ನ ಕಲರ್ ಪ್ರಿಂಟಾದರೆ ಬೆನ್ನಲ್ಲಿ 'ಇಂಥ ವಾರ' ಎಂದು ಮುದ್ರೆ. ಅದು ಪ್ರಿಂಟ್ ಹಾಕಿದ ದಿನ, ತೆಗೆದ ದಿನ ಅಲ್ಲ. ಕ್ರಿಸ್‌ಮಸ್‌ನಲ್ಲಿ ತೆಗೆದ ರೋಲ್ ಬೇಸಿಗೆವರೆಗೂ ಕ್ಯಾಮೆರಾದಲ್ಲೇ ಉಳಿಯುವುದು ಆಗ ಮಾಮೂಲು. ಆದ್ದರಿಂದ 'ಇದಕ್ಕಿಂತ ಈಚಿನದಲ್ಲ' ಎಂದಷ್ಟೇ ಬರೆದುಕೊಳ್ಳಿ. ಮುಟ್ಟಿದರೆ ಬೆನ್ನು ಪ್ಲಾಸ್ಟಿಕ್ಕಿನಂತೆ ಜಾರಿದರೆ ರೆಸಿನ್ ಲೇಪದ ಕಾಗದ, ಅದು 1968ರ ಸುಮಾರಿಗೆ ಬಂದದ್ದು, ಅಂದರೆ ನಂತರ ಹಾಕಿಸಿದ ಪ್ರತಿ ಇರಬಹುದು. 365 ನ್ಯಾನೊಮೀಟರಿನ ಯುವಿ ಟಾರ್ಚ್ ಇದ್ದರೆ ಕತ್ತಲಲ್ಲಿ ಬೆಳಗಿ ನೋಡಿ: ಕಾಗದ ನೀಲಿ-ಬಿಳುಪಾಗಿ ಹೊಳೆದರೆ ಹೊಳಪುಕಾರಕ ಬೆರೆಸಿದ್ದು, ಸಾಧಾರಣವಾಗಿ 1950ರ ದಶಕದ ನಡುವಿನಿಂದ ಈಚೆಗೆ. ಹೊಳೆಯದಿದ್ದರೆ ಹಳೆಯದೆಂದು ಸಾಧಿಸಿದಂತಾಗುವುದಿಲ್ಲ.

ಬಟ್ಟೆ ನೋಡಿ ಇಸವಿ ಹೇಳುವವರನ್ನು ನಂಬಬೇಡಿ. ಒಂದು ಗೌನು ಹತ್ತು ವರ್ಷ ಬೀರುವಿನಲ್ಲಿ ಬಚ್ಚಿಟ್ಟುಕೊಂಡು ಉಟ್ಟಿರಬಹುದು. ಅದಕ್ಕಿಂತ ಗಟ್ಟಿ ದಾರಿ ಒಂದಿದೆ. ವರ್ಜೀನಿಯಾ ಪ್ರಿನ್ಸ್ 1960ರಲ್ಲಿ ಲಾಸ್ ಏಂಜಲೀಸಿನಲ್ಲಿ ಹೆಣ್ಣುಡುಗೆ ತೊಡುವವರಿಗಾಗಿ ಆರಂಭಿಸಿದ ಟ್ರಾನ್ಸ್‌ವೆಸ್ಟಿಯಾ ಪತ್ರಿಕೆಗೆ ಸುಸಾನಾ ಅಂಕಣ ಬರೆಯುತ್ತಿದ್ದರು, ಚಂದಾದಾರರ ಫೋಟೊಗಳೂ ಅಚ್ಚಾಗುತ್ತಿದ್ದವು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯ ಅದರ ಸಂಚಿಕೆಗಳನ್ನು ಡಿಜಿಟಲ್ ಮಾಡಿದೆ. ಅದೇ ಚಿತ್ರ, ಇಲ್ಲವೇ ಅದೇ ಸೋಫಾ, ಅದೇ ಪರದೆ ಯಾವುದಾದರೂ ಸಂಚಿಕೆಯಲ್ಲಿ ಸಿಕ್ಕರೆ ಇಸವಿಗೆ ಒಂದು ಗೂಟ ಹೊಡೆದಂತಾಯಿತು.

ಉಪನ್ಯಾಸಕ್ಕೆ ಒಂದೇ ಚಿತ್ರ ಆರಿಸಿ ಎಂದರೆ ಲಿಲಿ, ವಿಲ್ಮಾ ಮತ್ತು ಗೆಳತಿಯರ 'ಫೋಟೊ ಶೂಟ್' ಆರಿಸುತ್ತೇನೆ. ಒಂಟಾರಿಯೊ ಗ್ಯಾಲರಿ ಅದನ್ನು 1964–1967 ಎಂದು ಗುರುತಿಸಿ, ಆಂಡ್ರಿಯಾ ಸುಸಾನ್ ತೆಗೆದದ್ದಿರಬಹುದು ಎಂದಿದೆ. ಚಿತ್ರದೊಳಗಿನವರ ಕೈಯಲ್ಲೂ ಕ್ಯಾಮೆರಾ. ಒಬ್ಬರನ್ನೊಬ್ಬರು ತೆಗೆಯುತ್ತಿದ್ದಾರೆ, ಅವರನ್ನು ಅವರಲ್ಲೇ ಇನ್ನೊಬ್ಬರು ತೆಗೆಯುತ್ತಿದ್ದಾರೆ. ಹೊರಗಿನವರ ಕಣ್ಣು ಎಲ್ಲೂ ಇಲ್ಲ.

---

ಮಲೆನಾಡಮಳೆ ಉತ್ತರ:

ಬೆಳ್ಳಿಲವಣ ಅವರ ಮಾತಿಗೆ ಒಂದು ಸೇರ್ಪಡೆ. ಪರದೆ ಮೇಲೆ ತೋರಿಸುವಾಗ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ ಹಿಗ್ಗಿಸಬೇಡಿ. ಅಂಗೈಯಗಲದ ಪ್ರಿಂಟ್ ಅದು, ಪರ್ಸಿನಲ್ಲಿ ಅಡಗುವಷ್ಟು. ಪಕ್ಕದಲ್ಲಿ ಅಳತೆ ಪಟ್ಟಿ ಇಡಿ, ಅಂಚು ಕತ್ತರಿಸಬೇಡಿ, ಬೆನ್ನನ್ನೂ ತೋರಿಸಿ.

ಇನ್ನು ಆಲ್ಬಮ್ಮಿನ ವಿಷಯ. ಅಂಟು ಹಾಳೆ ಆಲ್ಬಮ್ ಕೈಗೆ ಬಂದ ದಿನ ಒಂದೇ ಒಂದು ಫೋಟೊ ಕೀಳಬೇಡಿ. ಮೊದಲು ಪ್ರತಿ ಪುಟವನ್ನೂ ಇಡಿಯಾಗಿ, ಮೇಲಿನ ಪ್ಲಾಸ್ಟಿಕ್ ಹಾಳೆ ಇದ್ದಂತೆ ಒಂದು, ಎತ್ತಿ ಒಂದು, ಹೀಗೆ ತೆಗೆಯಿರಿ. ಯಾವ ಚಿತ್ರದ ಪಕ್ಕ ಯಾವುದು ಎನ್ನುವುದು ಅವರ ಜೋಡಣೆ, ಗುರು-ಚೇಲ ಸಂಬಂಧ ಕೆಲವೊಮ್ಮೆ ಪುಟದ ಕ್ರಮದಲ್ಲೇ ಇರುತ್ತದೆ. ಆಮೇಲೆ ಮೂಲೆ ಸಡಿಲ ಇರುವುದನ್ನು ಮಾತ್ರ ಬಿಡಿಸಿ: ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನು ಮೂಲೆಯಡಿ ಹೊಗಿಸಿ, ಗರಗಸದಂತೆ ಎಳೆಯುತ್ತ ನಿಧಾನ ಸಾಗಿ. ದಾರ ಪುಟದ ಕಡೆಗೆ ಒತ್ತಿರಬೇಕು, ಫೋಟೊ ಕಡೆಗಲ್ಲ. 1985ರ ನಂತರದ ಕಲರ್ ಪ್ರಿಂಟ್‌ಗಳು ರೆಸಿನ್ ಕಾಗದ, ಬಹುತೇಕ ಬರುತ್ತವೆ. ಸ್ಟುಡಿಯೊದ ಕಪ್ಪುಬಿಳುಪು ಬರಿಯ ಕಾಗದವಾದರೆ ಬೆನ್ನು ಹರಿಯುತ್ತದೆ, ಅಂಥದ್ದನ್ನು ಪುಟದಲ್ಲೇ ಬಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಹೇರ್ ಡ್ರೈಯರ್ ಬಳಸುವ ಸಲಹೆ ಎಲ್ಲೆಡೆ ಕಾಣುತ್ತದೆ, ಬೇಡ. ಬಿಸಿಗೆ ಅಂಟು ಕರಗಿ ಕಾಗದದೊಳಕ್ಕೆ ಇಳಿಯುತ್ತದೆ, ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರ ಮೆತ್ತಗಾಗುತ್ತದೆ.

ಸ್ಕ್ಯಾನ್: ಪೋಸ್ಟ್‌ಕಾರ್ಡ್ ಅಳತೆಗೆ 600 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಸಾಕು. ಪಾಸ್‌ಪೋರ್ಟ್ ಅಳತೆಗೆ, ಪೋಲರಾಯ್ಡಿಗೆ 1200. ಕಪ್ಪುಬಿಳುಪನ್ನೂ ಕಲರಿನಲ್ಲೇ ಮಾಡಿ, ಇಲ್ಲದಿದ್ದರೆ ಹಳದಿ ಕಲೆ, ಕೈಬಣ್ಣ ಎಲ್ಲ ಬೂದುಬಣ್ಣವಾಗುತ್ತದೆ. 16 ಬಿಟ್ ಟಿಫ್ ಕಡತವಾಗಿ ಉಳಿಸಿ. 8.3 × 10.8 ಸೆಂ.ಮೀ. ಪ್ರಿಂಟ್ 1200 ಪಿಪಿಐಯಲ್ಲಿ ಸುಮಾರು 120 ಎಂಬಿ, 600ರಲ್ಲಿ 30 ಎಂಬಿ. ಡಿಸ್ಕ್ ಲೆಕ್ಕ ಈಗಲೇ ಹಾಕಿಕೊಳ್ಳಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಟ್ಟಡದಲ್ಲಿ. ಸ್ಕ್ಯಾನರಿನ ತಾನೇ ಹರಿತಗೊಳಿಸುವ, ತಾನೇ ಬಣ್ಣ ತಿದ್ದುವ ಆಯ್ಕೆಗಳನ್ನು ಆಫ್ ಮಾಡಿ. ನೆಗೆಟಿವ್ ಇದ್ದರೆ, ಧೂಳು ತೆಗೆಯುವ ಇನ್‌ಫ್ರಾರೆಡ್ ಆಯ್ಕೆ ಕಲರ್ ನೆಗೆಟಿವಿಗೆ ಮಾತ್ರ. ಕಪ್ಪುಬಿಳುಪಿನಲ್ಲಿ ಬೆಳ್ಳಿಯೇ ಆ ಬೆಳಕನ್ನು ತಡೆಯುವುದರಿಂದ ಅದು ಚಿತ್ರವನ್ನೇ ಧೂಳೆಂದು ತಿಂದುಹಾಕುತ್ತದೆ.

80ರ ದಶಕದಲ್ಲಿ ನಮ್ಮ ಲ್ಯಾಬುಗಳು ರೇಷ್ಮೆ ಮೇಲ್ಮೈಯ ಕಾಗದ ಬಹಳ ಬಳಸಿದವು. ಸ್ಕ್ಯಾನರಿನಲ್ಲಿ ಅದರ ಪ್ರತಿ ಗುಳಿಯೂ ಬಿಳಿ ಚುಕ್ಕೆಯಾಗಿ ಮಿನುಗುತ್ತದೆ. ಇದಕ್ಕೆ ಕ್ಯಾಮೆರಾವನ್ನು ಕೆಳಮುಖವಾಗಿ ನಿಲ್ಲಿಸುವ ಕಾಪಿ ಸ್ಟ್ಯಾಂಡೇ ಸರಿ: ಎರಡು ಕಡೆ 45 ಡಿಗ್ರಿಯಲ್ಲಿ ದೀಪ, ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸರ್, ಮಿನುಗು ಮಾಯವಾಗುವವರೆಗೆ ತಿರುಗಿಸಿ. ಬಣ್ಣ ತುಸು ಗಾಢವಾಗುತ್ತದೆ, ಅದಕ್ಕೇ ಬಣ್ಣದ ಪಟ್ಟಿ ಚೌಕಟ್ಟಿನೊಳಗೆ ಇರಲಿ.

ಕೆಂಪಗೆ ತಿರುಗಿದ ಕಲರ್ ಪ್ರಿಂಟ್ ಸಿಕ್ಕೇ ಸಿಗುತ್ತದೆ. ಹಳೆಯ ಕಾಗದಗಳಲ್ಲಿ ಸಯಾನ್ (ಹಸಿರು-ನೀಲಿ) ಬಣ್ಣ ಕತ್ತಲಲ್ಲಿಟ್ಟರೂ ಮೊದಲು ಮಾಸುತ್ತದೆ. ತಿದ್ದಬಹುದು, ಆದರೆ ತಿದ್ದಿದ ಸೀರೆಯ ಬಣ್ಣ ಊಹೆ. ಆ ಸೀರೆ ಯಾವ ಬಣ್ಣದ್ದೆಂದು ಅವರನ್ನೇ ಕೇಳಿ ಬರೆದುಕೊಳ್ಳಿ. ತಿದ್ದದ ಮೂಲ ಪ್ರತಿ ಬೇರೆ, ನೋಡಲು ಕೊಡುವ ಪ್ರತಿ ಬೇರೆ.

ಇಡುವುದು: ಫೋಟೊ ಅಳತೆಯ ತೆಳು ಪಾಲಿಯೆಸ್ಟರ್ ಚೀಲ, ಪಿವಿಸಿ ಬೇಡ, ಹೊಸ ಮಳೆಕೋಟಿನ ವಾಸನೆ ಬಂದರೆ ಅದು ಪಿವಿಸಿ. ಜೂನ್‌ನಿಂದ ಅಕ್ಟೋಬರ್ ನಮಗೆ ಕಷ್ಟಕಾಲ. ತೇವ ಏರಿದರೆ ಜೆಲಟಿನ್ ಅಂಟಾಗಿ ಚೀಲಕ್ಕೇ ಹತ್ತಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ, ಸಿಲ್ವರ್‌ಫಿಶ್ ಜೆಲಟಿನ್ನನ್ನೇ ಮೇಯುತ್ತದೆ. 20 ಲೀಟರಿನ ಗಾಳಿಯಾಡದ ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್, ಒಳಗೊಂದು ತೇವಮಾಪಕ. ಮುಳ್ಳು ಶೇಕಡಾ 35–45ರ ನಡುವೆ ನಿಲ್ಲಬೇಕು. 30ಕ್ಕಿಂತ ಕೆಳಗಿಳಿದರೆ ಜೆಲ್ ಕಡಿಮೆ ಮಾಡಿ, ಪ್ರಿಂಟ್ ಸುರುಳಿಯಾಗಿ ಬಿರಿಯುತ್ತದೆ. ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ 110 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟು ಮತ್ತೆ ಬಳಸಿ.

---

ತುಂಗಾತೀರ:

ಇಬ್ಬರಿಗೂ ತುಂಬಾ ಧನ್ಯವಾದ. ಆಲ್ಬಮ್ಮಿನಲ್ಲಿ ಗುಂಪು ಫೋಟೊಗಳೇ ಹೆಚ್ಚು, ಕೆಲವರು ತೀರಿಕೊಂಡಿದ್ದಾರೆ. ಹಿರಿಯರು 'ಎಲ್ಲ ಇಂಟರ್ನೆಟ್ಟಿಗೆ ಹಾಕಿ' ಅನ್ನುತ್ತಿದ್ದಾರೆ. ಹಾಕಬಹುದೇ? ಶೀರ್ಷಿಕೆಯಲ್ಲಿ ಏನು ಬರೆಯಬೇಕು?

---

ಕಡತದಮನೆ ಉತ್ತರ:

ಅವರ ಒಪ್ಪಿಗೆ ಅವರ ಮುಖಕ್ಕೆ ಸಾಕು. ಪಕ್ಕದಲ್ಲಿ ನಿಂತ ನಾಲ್ವರದು ಅವರು ಕೊಡಲಾರರು. ಹಳ್ಳಿಯಲ್ಲಿ ಇನ್ನೂ ಮಗನೆಂದೇ ತಿಳಿದಿರುವ ಮನೆ ಇರಬಹುದು, ಬಾಡಿಗೆ ಮನೆಯ ಮಾಲೀಕ ಇರಬಹುದು.

ಒಪ್ಪಿಗೆಯನ್ನು ಮೂರಾಗಿ ಒಡೆದು ಕೇಳಿ: ಇಟ್ಟುಕೊಳ್ಳಬಹುದೇ, ಬಂದವರಿಗೆ ಸ್ಥಳದಲ್ಲಿ ತೋರಿಸಬಹುದೇ, ಆನ್‌ಲೈನ್ ಹಾಕಬಹುದೇ. ಮೂರಕ್ಕೂ ಬೇರೆ ಬೇರೆ ಸಹಿ, ಬರೆಯಲು ಬಾರದವರಿಗೆ ಕನ್ನಡದಲ್ಲೋ ಅವರ ಭಾಷೆಯಲ್ಲೋ ಓದಿಹೇಳಿ ಧ್ವನಿಮುದ್ರಣ. ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು ಎಂಬ ಸಾಲು ಅದರಲ್ಲಿ ಇರಲೇಬೇಕು. ಹಿಂದೆಗೆದುಕೊಂಡಾಗ ಮಾಡಬೇಕಾದದ್ದಕ್ಕೆ ಛಾಯಾಗ್ರಾಹಕಿ ದಯನಿತಾ ಸಿಂಗ್ ಒಳ್ಳೆಯ ಉದಾಹರಣೆ. 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ದೆಹಲಿಯಲ್ಲಿ ಹಿಜ್ರಾ ಸಮುದಾಯದ ಮೋನಾ ಅಹ್ಮದ್ ಅವರ ಫೋಟೊ ತೆಗೆದರು. ಲಂಡನ್ನಿನಲ್ಲಿ ತಮ್ಮ ನೆಂಟರಿದ್ದಾರೆ, ರೋಲ್ ವಾಪಸ್ ಕೊಡಿ ಎಂದು ಮೋನಾ ಕೇಳಿದರು, ದಯನಿತಾ ಕೊಟ್ಟುಬಿಟ್ಟರು. ಪುಸ್ತಕ ಬಂದದ್ದು 2001ರಲ್ಲಿ, ಮೋನಾ ಅವರದೇ ಮಾತುಗಳೊಂದಿಗೆ. ಆ ನಂಬಿಕೆ ಇಲ್ಲದಿದ್ದರೆ ಆ ಪುಸ್ತಕವೇ ಇರುತ್ತಿರಲಿಲ್ಲ.

ಕಾಸಾ ಸುಸಾನಾ ಈ ವಿಷಯದಲ್ಲಿ ಮಾದರಿಯಲ್ಲ. 2005ರ ಪುಸ್ತಕ ಬಂದಾಗ ಚಿತ್ರದಲ್ಲಿದ್ದವರು ಯಾರೆಂದೇ ಪ್ರಕಟಿಸಿದವರಿಗೆ ಹೆಚ್ಚಾಗಿ ತಿಳಿದಿರಲಿಲ್ಲ, ಕೇಳುವುದು ದೂರದ ಮಾತು. ಆ ತಂಗುಮನೆಯನ್ನು ಬಲ್ಲವರು ತಾವಾಗಿಯೇ ಮಾತಾಡಿದ್ದು ಆಮೇಲೆ. ಕ್ಯಾಥರೀನ್ ಕಮಿಂಗ್ಸ್, ಡಯಾನಾ ಮೆರ್ರಿ-ಶಪೀರೊ 2022ರ ಸಾಕ್ಷ್ಯಚಿತ್ರದಲ್ಲಿ ತಮ್ಮ ಕಥೆ ತಾವೇ ಹೇಳಿದ್ದಾರೆ. ಅಂಥವರ ಹೆಸರು ಹೇಳಬಹುದು. ಉಳಿದವರಿಗೆ ಅವರು ಅಲ್ಲಿ ಇಟ್ಟುಕೊಂಡ ಹೆಣ್ಣು ಹೆಸರೇ ಹೆಸರು. ಸರ್ಕಾರಿ ದಾಖಲೆಯ ಹೆಸರು ಹುಡುಕಿ ಬರೆಯುವುದು ಸಂಶೋಧನೆ ಅಲ್ಲ, ಹಿಂಸೆ.

ಶೀರ್ಷಿಕೆಯಲ್ಲಿ ಅವರು ತಮ್ಮನ್ನು ಕರೆದುಕೊಂಡ ಮಾತು ಮೊದಲು ಬರಲಿ: ಹಿಜ್ರಾ, ಜೋಗಪ್ಪ, ಜೋಗತಿ, ಮಂಗಳಮುಖಿ, ಏನಿದೆಯೋ ಅದು. ಹುಡುಕುವವರ ಅನುಕೂಲಕ್ಕೆ ಟ್ರಾನ್ಸ್‌ಜೆಂಡರ್ ಎಂಬುದು ವಿಷಯಸೂಚಿಯ ಕಾಲಮ್ಮಿನಲ್ಲಿ ಇರಲಿ. ಕಾಸಾ ಸುಸಾನಾದಲ್ಲೂ ಕೆಲವರು ಮುಂದೆ ಪೂರ್ತಿ ಹೆಣ್ಣಾಗಿ ಬಾಳಿದರು, ಇನ್ನು ಕೆಲವರು ವಾರಾಂತ್ಯಕ್ಕಷ್ಟೇ ಬಂದು ಹೋದರು. ಎಲ್ಲರ ಮೇಲೂ ಒಂದೇ ಚೀಟಿ ಅಂಟಿಸಿದರೆ ಅರ್ಧ ಜನರ ವಿಷಯದಲ್ಲಿ ತಪ್ಪಾಗುತ್ತದೆ.

ತಾಂತ್ರಿಕವಾಗಿ ಎಡವುವ ಜಾಗಗಳು: ಕಡತದ ಹೆಸರಿನಲ್ಲಿ ವ್ಯಕ್ತಿಯ ಹೆಸರು ಬೇಡ, 'ಎ03-ಪು12-ಫೋ04' ಥರ ಸಂಖ್ಯೆ ಸಾಕು, ಹೆಸರುಗಳ ಪಟ್ಟಿ ಬೇರೆ ಡಿಸ್ಕಿನಲ್ಲಿ ಬೀಗ ಹಾಕಿರಲಿ. ಫೋನಿನಲ್ಲಿ ತೆಗೆದಿದ್ದರೆ ಕಡತದೊಳಗೆ ದಾಖಲಾದ ಜಿಪಿಎಸ್ ಸ್ಥಳ ಅಳಿಸಿ, ಇಲ್ಲದಿದ್ದರೆ ಅವರ ಮನೆಯ ವಿಳಾಸವನ್ನೇ ಹಂಚಿದಂತೆ. ಮುಖ ಮರೆಸುವುದಾದರೆ ಮಬ್ಬು ಮಾಡಬೇಡಿ, ಗಟ್ಟಿ ಬಣ್ಣ ತುಂಬಿ ಹೊಸ ಕಡತವಾಗಿ ಉಳಿಸಿ. ಜೆಪೆಗ್‌ನೊಳಗೆ ಹುದುಗಿರುವ ಪುಟ್ಟ ಮುನ್ನೋಟದಲ್ಲಿ ಮರೆಸದ ಮುಖ ಹಾಗೇ ಉಳಿದಿರಬಹುದು, ಅದನ್ನೂ ತೆಗೆಯಿರಿ. ಪಿಡಿಎಫ್ ಮೇಲೆ ಇಟ್ಟ ಕಪ್ಪು ಚೌಕವನ್ನು ಯಾರು ಬೇಕಾದರೂ ಎತ್ತಿ ನೋಡಬಹುದು.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಮ್ರಾ ಎಂಬ ಕ್ವಿಯರ್ (ಲಿಂಗ ಮತ್ತು ಲೈಂಗಿಕ ಅಲ್ಪಸಂಖ್ಯಾತರ) ಸಂಗ್ರಹಾಲಯವಿದೆ. ಮೂಲ ಆಲ್ಬಮ್ ಎಲ್ಲಿರಬೇಕೆಂದು ಹಿರಿಯರು ನಿರ್ಧರಿಸುವ ಮೊದಲು ಅಲ್ಲಿನವರೊಂದಿಗೆ ಒಮ್ಮೆ ಮಾತಾಡಿಸಿ. ಆಲ್ಬಮ್ ಅವರ ಮನೆಯಲ್ಲೇ ಉಳಿದರೂ ಸರಿಯೇ.

---

ಬೆಳ್ಳಿಲವಣ:

ಇಲ್ಲಿನ ಆಲ್ಬಮ್ಮಿಗೆ ಇಸವಿ ಹುಡುಕುವಾಗ ಪೋಲರಾಯ್ಡಿನ ಗುರುತುಗಳು ಉಪಯೋಗಕ್ಕೆ ಬಾರವು, ಇಲ್ಲಿ ಅದು ಅಪರೂಪ. ಬೆನ್ನಿನ ಸ್ಟುಡಿಯೊ ಮುದ್ರೆ, ಕಾಗದದ ಕಂಪನಿಯ ನೀರುಗುರುತಿನಂಥ ಅಚ್ಚು ನೋಡಿ. ಕಪ್ಪುಬಿಳುಪು ನೆಗೆಟಿವಿನ ಅಂಚಿನಲ್ಲಿ 'ಇಂದು' ಎಂದಿದ್ದರೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್, 'ಓರ್ವೊ' ಎಂದಿದ್ದರೆ ಪೂರ್ವ ಜರ್ಮನಿಯದು. ಸ್ಟುಡಿಯೊದ ಬಣ್ಣದ ಪರದೆ, ಮೆಟ್ಟಿಲು, ಪ್ಲಾಸ್ಟಿಕ್ ಹೂಕುಂಡ ಬೇರೆ ಫೋಟೊಗಳಲ್ಲೂ ಮರುಕಳಿಸುತ್ತವೆ, ಇಸವಿ ಗೊತ್ತಿರುವ ಒಂದು ಸಿಕ್ಕರೆ ಉಳಿದವು ಅದರ ಹಿಂದೆ ಸಾಲಾಗುತ್ತವೆ.

ಪ್ಯಾರಿಸ್ಸಿನ ಪ್ಲಾಸ್ ಬ್ಲಾಂಶ್ ಚೌಕದ ಟ್ರಾನ್ಸ್ ಮಹಿಳೆಯರ ಫೋಟೊ ತೆಗೆದ ಸ್ವೀಡನ್ನಿನ ಛಾಯಾಗ್ರಾಹಕ ಕ್ರಿಸ್ಟರ್ ಸ್ಟ್ರೋಮ್‌ಹೋಮ್ ಅವರನ್ನೂ ಉಪನ್ಯಾಸಕ್ಕೆ ಸೇರಿಸಿ. 1959ರಿಂದ ಅವರ ನಡುವೆಯೇ ಬಾಳಿದವರು, ಪುಸ್ತಕ ಹೊರಬಂದದ್ದು 1983ರಲ್ಲಿ. ಫ್ಲಾಶ್ ಇಲ್ಲ, ಬೀದಿದೀಪ, ನಿಯಾನ್ ಅಷ್ಟೇ. 400 ವೇಗದ ಫಿಲ್ಮಿಗೆ ಅಂಥ ಬೆಳಕಿನಲ್ಲಿ ಲೆನ್ಸನ್ನು ಅಗಲವಾಗಿ ತೆರೆದರೂ (ಎಫ್/2) 1/30 ಸೆಕೆಂಡ್ ಆಸುಪಾಸು, ಅಂದರೆ ಎದುರಿನವರು ಆ ಹೊತ್ತು ಅಲುಗದೆ ನಿಂತುಕೊಡಬೇಕು. ಕದ್ದು ತೆಗೆದ ಚಿತ್ರ ಅದಲ್ಲ ಎಂದು ಸಭಿಕರಿಗೆ ಅಷ್ಟರಿಂದಲೇ ತೋರಿಸಬಹುದು.

---

ಕಡತದಮನೆ:

ಹಕ್ಕುಸ್ವಾಮ್ಯ ಬಿಟ್ಟುಹೋಗಿತ್ತು. 1957ರ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರರು ತೆಗೆಸಿಕೊಂಡವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಸ್ಟುಡಿಯೊ ಚಿತ್ರಗಳಿಗೆ ಹಿರಿಯರ ಸಹಿ ಪಡೆಯಿರಿ. ಗೆಳತಿಯರು ತಮ್ಮ ಕ್ಯಾಮೆರಾದಲ್ಲಿ ಸುಮ್ಮನೆ ತೆಗೆದುಕೊಟ್ಟವು ತೆಗೆದವರ ಹಕ್ಕಿಗೆ ಸೇರುತ್ತವೆ. ಯಾರು ತೆಗೆದದ್ದೆಂದು ಆಲ್ಬಮ್ ತಿರುವುವಾಗಲೇ ಒಂದೊಂದಕ್ಕೂ ಕೇಳಿ, ಚೀಲಕ್ಕೆ ಸಂಖ್ಯೆ ಹಾಕಿ, ಉತ್ತರವನ್ನು ಪಟ್ಟಿಯಲ್ಲಿ ಬರೆದಿಡಿ. ಫೋಟೊದ ಬೆನ್ನ ಮೇಲೆ ಬಾಲ್‌ಪೆನ್ ತಾಗಿಸಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ.